ಬೆಟ್ಟ ಯಾವ ಕಡೆ, ಕಡಲು ಯಾವ ಕಡೆ

ಮಾತಿಗೆ ಮೊದಲು ಒಂದು ಪ್ರಶ್ನೆ. ನಕಾಶೆ ನೋಡಬೇಡಿ, ಫೋನು ತೆಗೆಯಬೇಡಿ, ಕೂತಲ್ಲೇ ಹೇಳಿ: ಮಂಗಳೂರು ಬೆಳಗಾವಿಯಿಂದ ಪೂರ್ವಕ್ಕಿದೆಯೋ, ಪಶ್ಚಿಮಕ್ಕಿದೆಯೋ? ದಕ್ಷಿಣಕ್ಕಿದೆ ಎನ್ನುವುದು ಎಲ್ಲರಿಗೂ ಗೊತ್ತು, ಅದು ಬಿಡಿ. ಪೂರ್ವವೋ, ಪಶ್ಚಿಮವೋ?

ನಾನು ಕೇಳಿದವರಲ್ಲಿ ಹೆಚ್ಚಿನವರು ‘ಪಶ್ಚಿಮ’ ಎಂದಿದ್ದಾರೆ. ಅದೂ, ಇದೇನು ಕೇಳುವಂಥ ಪ್ರಶ್ನೆಯೇ ಎಂಬ ಧಾಟಿಯಲ್ಲಿ. ಮಂಗಳೂರು ಕಡಲ ದಡದಲ್ಲಿದೆ, ಕಡಲು ಪಶ್ಚಿಮಕ್ಕಿದೆ. ಬೆಳಗಾವಿ ಘಟ್ಟದ ಮೇಲಿದೆ, ಘಟ್ಟ ಪೂರ್ವಕ್ಕಿದೆ. ಇನ್ನೇನು ಬೇಕು? ಆದರೆ ನಕಾಶೆ ಬೇರೆಯೇ ಹೇಳುತ್ತದೆ. ಬೆಳಗಾವಿ ಇರುವುದು ಸುಮಾರು 74 ಡಿಗ್ರಿ 30 ನಿಮಿಷ ಪೂರ್ವ ರೇಖಾಂಶದಲ್ಲಿ. ಮಂಗಳೂರು ಇರುವುದು ಸುಮಾರು 74 ಡಿಗ್ರಿ 50 ನಿಮಿಷದಲ್ಲಿ. ಅಂದರೆ ಕಡಲ ನೀರಿಗೆ ಕಾಲು ಇಳಿಬಿಟ್ಟು ಕೂತಿರುವ ಮಂಗಳೂರು, ಘಟ್ಟದಾಚೆಯ ಬೆಳಗಾವಿಗಿಂತ ಮೂವತ್ತು ಕಿಲೋಮೀಟರಿಗೂ ಹೆಚ್ಚು ಪೂರ್ವಕ್ಕಿದೆ. ಉಡುಪಿಯೂ ಅಷ್ಟೇ, ಬೆಳಗಾವಿಗೆ ಪೂರ್ವ.

ಇದರಲ್ಲಿ ಮಾಟವೇನಿಲ್ಲ. ನಮ್ಮ ಕರಾವಳಿ ಬಡಗಿನಿಂದ ತೆಂಕಿಗೆ ನೆಟ್ಟಗೆ ಇಳಿಯುವುದಿಲ್ಲ, ಓರೆಯಾಗಿ ಆಗ್ನೇಯಕ್ಕೆ ವಾಲುತ್ತ ಹೋಗುತ್ತದೆ. ಕಾರವಾರದಿಂದ ಮಂಗಳೂರಿಗೆ ಬರುವಷ್ಟರಲ್ಲಿ ನಾವು ಎಪ್ಪತ್ತು ಕಿಲೋಮೀಟರಿಗೂ ಮಿಕ್ಕಿ ಪೂರ್ವಕ್ಕೆ ಸರಿದಿರುತ್ತೇವೆ. ಬಸ್ಸಿನಲ್ಲಿ ಕೂತವರಿಗೆ ಅದು ತಿಳಿಯುವುದೇ ಇಲ್ಲ. ಬಲಗಡೆ ಕಡಲು, ಎಡಗಡೆ ಬೆಟ್ಟ, ನಾವು ತೆಂಕಿಗೆ ಹೋಗುತ್ತಿದ್ದೇವೆ, ಅಷ್ಟೇ ಲೆಕ್ಕ.

ಅಮೆರಿಕದಲ್ಲಿ ಸ್ಟೀವನ್ಸ್ ಮತ್ತು ಕೂಪ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇಂಥದೇ ಪ್ರಶ್ನೆ ಕೇಳಿ 1978ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಕಡಲ ಊರು. ನೆವಾಡದ ರೀನೋ ಬೆಟ್ಟಗಳಾಚೆಯ ಒಳನಾಡಿನ ಊರು. ಯಾವುದು ಪಶ್ಚಿಮ? ಸ್ಯಾನ್ ಡಿಯಾಗೋ ಎಂದು ಜನ ಹೇಳಿದರು. ನಿಜಕ್ಕೂ ರೀನೋ ಊರೇ ಪಶ್ಚಿಮಕ್ಕಿದೆ. ಊರೂರಿನ ಜಾಗವನ್ನು ಬಿಡಿಬಿಡಿಯಾಗಿ ನೆನಪಿಡುವ ಗೋಜಿಗೆ ಮನಸ್ಸು ಹೋಗುವುದಿಲ್ಲ. ಮೊದಲು ಕಡಲು, ಬೆಟ್ಟ, ನದಿ, ಗಡಿ ಎಂಬ ದೊಡ್ಡ ಗೆರೆಗಳನ್ನು ಎಳೆದುಕೊಂಡು, ಊರುಗಳನ್ನು ಆ ಗೆರೆಗಳ ಆಚೆಗೋ ಈಚೆಗೋ ಹಾಕಿಕೊಳ್ಳುತ್ತದೆ. ಬಹಳಷ್ಟು ಸಲ ಅದರಿಂದ ಕೆಲಸ ಸಾಗುತ್ತದೆ. ಗೆರೆ ಓರೆಯಾಗಿದ್ದಲ್ಲಿ ಮಾತ್ರ ಮೋಸ ಹೋಗುತ್ತೇವೆ.

ಈ ಗೆರೆಗಳ ಬಗ್ಗೆಯೇ ಇವತ್ತಿನ ಮಾತು. ನನ್ನ ವಾದ ಇಷ್ಟು: ನಾವು ಎಲ್ಲಿದ್ದೇವೆ ಎಂದು ನಮಗೆ ತಿಳಿಸಿಕೊಡುವುದು ಬೆಟ್ಟ, ನದಿ, ಕಡಲಿನಂಥ ಎಲ್ಲೆಗಳೇ. ಎಷ್ಟು ದೂರದಲ್ಲಿದ್ದೇವೆ ಎಂಬ ವಿಷಯದಲ್ಲಿ ನಮ್ಮನ್ನು ತಪ್ಪಿಸುವುದೂ ಅವೇ.

ನಾನು ಕುಂದಾಪುರದ ಕಡೆಯವನು. ಅಲ್ಲಿ ಕಡಲಿಗೂ ಘಟ್ಟದ ಬುಡಕ್ಕೂ ನಡುವಿನ ನೆಲ ಅಗಲವಾದ ಪಟ್ಟಿಯೇನಲ್ಲ. ಇನ್ನೂ ಬಡಗಿಗೆ ಭಟ್ಕಳ, ಕಾರವಾರಗಳ ಹತ್ತಿರ ಬೆಟ್ಟ ಬಂದು ಕಡಲನ್ನೇ ಮುಟ್ಟುತ್ತದೆ. ಇಂಥ ನೆಲದಲ್ಲಿ ಹುಟ್ಟಿದವನಿಗೆ ದಿಕ್ಕನ್ನು ಯಾರೂ ಕಲಿಸಬೇಕಾಗಿಲ್ಲ. ನಮ್ಮ ಮನೆಯಲ್ಲಿ ಏನಾದರೂ ಕಾಣದಿದ್ದರೆ ಅಜ್ಜಿ ಒಳಗಿನಿಂದಲೇ ಕೂಗುತ್ತಿದ್ದರು: “ಪಡು ಬದಿ ಗ್ವಾಡಿ ಹತ್ರ ಇತ್ತ್, ಕಾಣ್ ಮಗಾ.” ಎಡಗಡೆ, ಬಲಗಡೆ ಎಂಬ ಮಾತು ಅವರ ಬಾಯಲ್ಲಿ ಬಂದದ್ದು ಕಡಿಮೆ. ಯಾರ ಎಡ, ಯಾರ ಬಲ? ಒಳಗಿದ್ದ ಅಜ್ಜಿಯ ಎಡವೇ, ಅಂಗಳದಲ್ಲಿದ್ದ ನನ್ನ ಎಡವೇ? ಪಡು ಎಂದರೆ ಆ ತಕರಾರಿಲ್ಲ, ಕಡಲಿರುವ ಕಡೆ. ಅದು ಅವರಿಗೂ ಒಂದೇ, ನನಗೂ ಒಂದೇ.

ಊರುಗಳ ಹೆಸರನ್ನೇ ನೋಡಿ. ಮೂಡುಬಿದಿರೆ, ಪಡುಬಿದ್ರಿ. ತೆಂಕನಿಡಿಯೂರು, ಬಡಾನಿಡಿಯೂರು. ತೆಂಕಮಿಜಾರು, ಬಡಗಮಿಜಾರು. ಮೂಡುಪೆರಾರ, ಪಡುಪೆರಾರ. ಒಂದು ಊರು ಎರಡಾದರೆ ಕರಾವಳಿಯವರು ದಿಕ್ಕು ಹಿಡಿದು ಹೆಸರಿಟ್ಟುಬಿಡುತ್ತಾರೆ. ಮನೆಗಳೂ ಹಾಗೆಯೇ: ಮೂಡುಮನೆ, ಪಡುಮನೆ, ಬಡಗುಮನೆ. ಕುಣಿತವನ್ನೂ ಬಿಡಲಿಲ್ಲ, ಯಕ್ಷಗಾನದಲ್ಲಿ ತೆಂಕುತಿಟ್ಟು, ಬಡಗುತಿಟ್ಟು. ಚೆಂಡೆಯ ಪೆಟ್ಟು ಕೇಳಿಯೇ ಇದು ತೆಂಕು, ಇದು ಬಡಗು ಎಂದು ಹೇಳುವವರು ನಮ್ಮಲ್ಲಿದ್ದಾರೆ. ಕಲೆಯ ಶೈಲಿಗೆ ದಿಕ್ಕಿನ ಹೆಸರು ಹೊಂದಿಕೊಂಡಿದ್ದು ಎಷ್ಟು ಸಹಜವೆಂದರೆ, ಅದು ವಿಶೇಷ ಎಂದು ನಮಗೆ ಅನ್ನಿಸುವುದೇ ಇಲ್ಲ.

ದಡದವರಿಗೆ ಕಡಲು ಗುರುತಾದರೆ ಕಡಲಿಗಿಳಿದವರಿಗೆ ಬೆಟ್ಟ ಗುರುತು. ಕುದುರೆಮುಖಕ್ಕೆ ಆ ಹೆಸರು ಬಂದಿರುವುದು ಅದರ ಆಕಾರದಿಂದ. 1,890 ಮೀಟರಿಗೂ ತುಸು ಎತ್ತರದ ಆ ಶಿಖರ ಹಳೆಯ ಕಾಲದಿಂದಲೂ ನಾವಿಕರ ಗುರುತು. ತೀರದಿಂದ ದೂರ ಹೋದ ದೋಣಿಗೆ ತೆಂಗಿನ ಸಾಲು ಮೊದಲು ಮರೆಯಾಗುತ್ತದೆ, ಆಮೇಲೆ ಊರು. ಬೆಟ್ಟದ ಗೆರೆ ಕೊನೆಯವರೆಗೂ ಉಳಿಯುತ್ತದೆ. ಬೇರೆ ಬೇರೆ ಕರಾವಳಿಗಳ ಮೀನುಗಾರರು ಬಲೆ ಹಾಕುವ ಜಾಗವನ್ನು ಗುರುತಿಟ್ಟುಕೊಳ್ಳುತ್ತಿದ್ದ ಉಪಾಯವೊಂದಿದೆ. ದಡದ ಹತ್ತಿರದ ಒಂದು ಗುರುತು, ದೂರದ ಒಂದು ಬೆಟ್ಟ, ಇವೆರಡೂ ಒಂದೇ ನೇರಕ್ಕೆ ಬರಬೇಕು. ಇನ್ನೊಂದು ಬದಿಯಲ್ಲೂ ಅಂಥದೇ ಜೋಡಿ. ಎರಡು ನೇರಗಳು ಕೂಡುವಲ್ಲಿ ನೀರಿನಡಿಯ ಬಂಡೆ, ಬಂಡೆಯ ಸುತ್ತ ಮೀನು. ಮೇಲೆ ನೋಡಿದರೆ ಎಲ್ಲ ಕಡೆಯೂ ಒಂದೇ ನೀರು. ಗುರುತುಗಳಿರುವುದೆಲ್ಲ ನೆಲದ ಮೇಲೆ. ಕಾಪುವಿನ ದೀಪಸ್ತಂಭ ಬಂದದ್ದು 1901ರಲ್ಲಿ. ಉಪಗ್ರಹದ ನೆರವಿನಿಂದ ಜಾಗ ತೋರಿಸುವ ಯಂತ್ರ ದೋಣಿಗೆ ಬಂದದ್ದಂತೂ ನಿನ್ನೆ ಮೊನ್ನೆ.

ಒಳನಾಡಿನವರಿಗೆ ಇಂಥ ಎರಡು ಗಟ್ಟಿ ಅಂಚುಗಳಿಲ್ಲ. ಅವರು ಸೂರ್ಯನನ್ನೂ ಕೆರೆಯನ್ನೂ ನೆಚ್ಚಿದರು. ಕೆರೆ ಏರಿ, ಕೋಡಿ, ಹಳ್ಳ, ಗುಡ್ಡ. ಬಡಗಣ ಕರ್ನಾಟಕದ ಬಯಲಿನಲ್ಲಿ ‘ಹೊಳಿ ಆಚೆ, ಹೊಳಿ ಈಚೆ’. ಅಲ್ಲಿ ಮಣ್ಣೇ ಒಂದು ಎಲ್ಲೆ: ಎರೆ ಮುಗಿದು ಮಸಾರಿ ಶುರುವಾಯಿತೆಂದರೆ ಬೇರೆ ಸೀಮೆಗೆ ಕಾಲಿಟ್ಟೆವು ಎಂದು ರೈತನ ಅಂಗಾಲಿಗೇ ತಿಳಿಯುತ್ತದೆ. ಹಳೆಯ ದಾನಶಾಸನಗಳಲ್ಲಿ ಊರಿನ ಎಲ್ಲೆಯನ್ನು ಹೇಳುವ ಭಾಗವನ್ನು ಓದಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಹಳ್ಳ, ಮೊರಡಿ, ಹುತ್ತ, ಆಲದ ಮರ, ನೆಟ್ಟ ಕಲ್ಲು ಹೀಗೆ ಒಂದೊಂದನ್ನೇ ಹೆಸರಿಸುತ್ತ ಊರನ್ನು ಸುತ್ತಿ ಬರುತ್ತಾರೆ. ಇಂದಿಗೂ ಜಮೀನಿನ ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಯುವುದು ಅದೇ ಕ್ರಮದಲ್ಲಿ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ. ವಕೀಲರ ಭಾಷೆ ಎಷ್ಟೇ ಒಣಗಿದ್ದರೂ ಆ ನಾಲ್ಕು ಸಾಲಿನಲ್ಲಿ ಮಾತ್ರ ನೆಲ ಕಣ್ಣಿಗೆ ಕಟ್ಟುತ್ತದೆ.

ಇದು ನಮ್ಮೊಬ್ಬರ ಕಥೆಯಲ್ಲ. ಇಂಡೋನೇಷ್ಯಾದ ಬಾಲಿ ದ್ವೀಪದ ಜನ ದಿಕ್ಕಿಗೆ ಇಟ್ಟುಕೊಂಡಿರುವ ಮುಖ್ಯ ಜೋಡಿ ‘ಬೆಟ್ಟದ ಕಡೆ’, ‘ಕಡಲ ಕಡೆ’. ದ್ವೀಪದ ಒಳಗೆ ಜ್ವಾಲಾಮುಖಿಗಳ ಸಾಲು. ಅದರಲ್ಲಿ ಅಗುಂಗ್ ಬೆಟ್ಟ ಎಲ್ಲಕ್ಕಿಂತ ಎತ್ತರ, ಎಲ್ಲಕ್ಕಿಂತ ಪವಿತ್ರ. ತೆಂಕಣ ಬಾಲಿಯವನಿಗೆ ಬೆಟ್ಟದ ಕಡೆ ಎಂದರೆ ಉತ್ತರ. ಅದೇ ಮಾತು ಬಡಗಣ ತೀರದವನ ಬಾಯಲ್ಲಿ ಬಂದರೆ ದಕ್ಷಿಣ. ದಿಕ್ಸೂಚಿ ಹಿಡಿದವನಿಗೆ ಇದು ಗೊಂದಲ. ಅವರಿಗೆ ಗೊಂದಲವೇ ಇಲ್ಲ. ಮನೆಯ ದೇವರ ಗುಡಿಯನ್ನು ಕಟ್ಟುವ ಮೂಲೆಯೂ, ಮಲಗುವಾಗ ತಲೆ ಇಡುವ ಕಡೆಯೂ ಬೆಟ್ಟವನ್ನು ನೋಡಿಕೊಂಡೇ ನಿಗದಿಯಾಗುತ್ತವೆ.

1930ರ ದಶಕದಲ್ಲಿ ಬಾಲಿಯಲ್ಲಿ ನೆಲೆಸಿದ್ದ ಕೆನಡಾ ಮೂಲದ ಸಂಗೀತಗಾರ ಕಾಲಿನ್ ಮೆಕ್‌ಫೀ ಒಂದು ಪ್ರಸಂಗ ಹೇಳಿದ್ದಾರೆ. ನೃತ್ಯದಲ್ಲಿ ಒಳ್ಳೆಯ ಕಸುವಿದ್ದ ಒಬ್ಬ ಹುಡುಗನನ್ನು ಅವರು ಬೇರೊಂದು ಊರಿನ ಗುರುವಿನ ಬಳಿಗೆ ಕಳಿಸಿದರು. ಕೆಲವು ದಿನ ಬಿಟ್ಟು ಹೋಗಿ ನೋಡಿದರೆ ಹುಡುಗ ಕಂಗಾಲು, ಗುರುವಿಗೆ ತಲೆಬೇನೆ. ಆದದ್ದೇನೆಂದರೆ, ಗುರು ಪಾಠ ಹೇಳುತ್ತಿದ್ದುದು ‘ಪೂರ್ವಕ್ಕೆ ಮೂರು ಹೆಜ್ಜೆ ಇಡು, ಈಗ ಆ ದಿಕ್ಕಿಗೆ ಬಾಗು’ ಎಂಬ ರೀತಿಯಲ್ಲಿ. ತನ್ನ ಊರಲ್ಲಾಗಿದ್ದರೆ ಹುಡುಗ ಕಣ್ಣುಮುಚ್ಚಿ ಹಾಗೆ ಮಾಡುತ್ತಿದ್ದ. ಹೊಸ ಊರಿನ ನೆಲ ಅವನಿಗೆ ಗುರುತಿರಲಿಲ್ಲ, ದಿಕ್ಕು ಸಿಗಲಿಲ್ಲ, ಹಾಗಾಗಿ ಕುಣಿತವೂ ಸಿಗಲಿಲ್ಲ. ನಮ್ಮ ತಿಟ್ಟುಗಳ ಹೆಸರು ಗೊತ್ತಿರುವ ನನಗೆ ಈ ಪ್ರಸಂಗ ಓದಿದಾಗ ನಗು ಬರಲಿಲ್ಲ, ಹುಡುಗನ ಮೇಲೆ ಮರುಕ ಹುಟ್ಟಿತು.

ಮೆಕ್ಸಿಕೋ ದೇಶದ ಚಿಯಾಪಸ್ ಬೆಟ್ಟಸೀಮೆಯಲ್ಲಿ ತೆನೆಹಾಪ ಎಂಬಲ್ಲಿ ತ್ಸೆಲ್ತಾಲ್ ಭಾಷೆಯಾಡುವ ಮಾಯಾ ಜನರಿದ್ದಾರೆ. ಅವರ ನೆಲ ಒಟ್ಟಾರೆ ದಕ್ಷಿಣದಿಂದ ಉತ್ತರಕ್ಕೆ ಇಳಿಜಾರು. ಅವರು ದಕ್ಷಿಣಕ್ಕೆ ‘ಏರು ಕಡೆ’, ಉತ್ತರಕ್ಕೆ ‘ಇಳಿ ಕಡೆ’ ಎನ್ನುತ್ತಾರೆ. ಸಮತಟ್ಟಾದ ಮೇಜಿನ ಮೇಲೆ ಎರಡು ಬಾಟಲಿ ಇಟ್ಟರೂ ಒಂದು ಏರು ಕಡೆಯದು, ಒಂದು ಇಳಿ ಕಡೆಯದು. ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಎಂಬ ಸಂಶೋಧಕರು ಬಹಳ ಕಾಲ ಅಲ್ಲಿ ಕೆಲಸ ಮಾಡಿದರು. ಅವರು ವರದಿ ಮಾಡಿರುವಂತೆ, ಕತ್ತಲ ಮನೆಯೊಳಗೆ ಕಣ್ಣಿಗೆ ಬಟ್ಟೆ ಕಟ್ಟಿ ಗಿರಗಿರನೆ ತಿರುಗಿಸಿ ನಿಲ್ಲಿಸಿದಾಗಲೂ ಅಲ್ಲಿನವನೊಬ್ಬ ಇಳಿ ಕಡೆ ಯಾವುದೆಂದು ಸರಿಯಾಗಿ ಕೈತೋರಿಸಿದ.

ನಮ್ಮ ದೇಶದಲ್ಲೂ ಇಂಥ ಅಧ್ಯಯನ ನಡೆದಿದೆ. ಕಾಶಿಯಲ್ಲಿ ಗಂಗೆ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತಾಳೆ, ಊರೆಲ್ಲ ಪಶ್ಚಿಮದ ದಡದಲ್ಲಿದೆ, ಘಾಟಿನಲ್ಲಿ ನಿಂತರೆ ಎದುರಿಗೆ ಸೂರ್ಯೋದಯ. ನಕಾಶೆ ಕಾಣದವನಿಗೂ ದಿಕ್ಕು ತಪ್ಪದ ಊರು ಅದು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ರಮೇಶ್ ಚಂದ್ರ ಮಿಶ್ರ ಮತ್ತು ಸ್ವಿಟ್ಜರ್ಲೆಂಡಿನ ಪಿಯರ್ ದಾಸೆನ್ ಅಲ್ಲಿನ ಸಂಸ್ಕೃತ ಪಾಠಶಾಲೆಯ ಮಕ್ಕಳನ್ನು ಅಭ್ಯಾಸ ಮಾಡಿದರು. ಮೇಜಿನ ಮೇಲಿನ ಸಾಮಾನು ಎಲ್ಲಿದೆ ಎಂದು ಹೇಳಲೂ ಆ ಮಕ್ಕಳು ಪೂರ್ವ, ಪಶ್ಚಿಮ ಎಂಬ ಮಾತನ್ನೇ ಬಳಸುತ್ತಿದ್ದರು.

ಇಲ್ಲಿ ವಿದ್ವಾಂಸರ ನಡುವೆ ಒಂದು ಜಗಳ ಇದೆ. ಲೆವಿನ್ಸನ್ ಅವರ ಬಳಗ ಹೇಳುವುದು: ಆಡುವ ಭಾಷೆ ಎಂಥದೋ, ದಿಕ್ಕಿನ ಕಲ್ಪನೆಯೂ ಅಂಥದು. ಪೆಗ್ಗಿ ಲೀ ಮತ್ತು ಲೈಲಾ ಗ್ಲೀಟ್‌ಮನ್ 2002ರಲ್ಲಿ ಇದನ್ನು ಅಲ್ಲಗಳೆದರು. ಒಂದೇ ಭಾಷೆಯಾಡುವ ಜನರೂ ಸುತ್ತಲಿನ ಗುರುತುಗಳು ಕಾಣುತ್ತಿದ್ದರೆ ಒಂದು ರೀತಿ, ಕಾಣದಿದ್ದರೆ ಇನ್ನೊಂದು ರೀತಿ ಉತ್ತರಿಸುತ್ತಾರೆ, ಆದ್ದರಿಂದ ನೆಲವೇ ಮುಖ್ಯ ಎಂದರು. ನನ್ನ ಒಲವು ಎರಡನೆಯವರ ಕಡೆಗೆ. ಕಾರಣ ಕನ್ನಡವೇ. ಕುಂದಾಪುರದವನಿಗೂ ಬೆಂಗಳೂರಿನವನಿಗೂ ದಿಕ್ಕಿನ ಪದಗಳು ಒಂದೇ. ಆದರೂ ಒಬ್ಬ ‘ದೇವಸ್ಥಾನದ ಬಡಗ್ ಬದಿ’ ಎನ್ನುತ್ತಾನೆ, ಇನ್ನೊಬ್ಬ ‘ಸಿಗ್ನಲ್ ಹತ್ರ ಲೆಫ್ಟ್ ತಗೊಳ್ಳಿ’ ಎನ್ನುತ್ತಾನೆ. ಕುಂದಾಪುರದವನೇ ಬೆಂಗಳೂರಿಗೆ ಬಂದು ಹತ್ತು ವರ್ಷ ಇದ್ದರೆ ಅವನೂ ಲೆಫ್ಟು, ರೈಟಿಗೆ ಇಳಿಯುತ್ತಾನೆ. ನೆಲ ಹೇಳಿಕೊಟ್ಟದ್ದನ್ನು ಭಾಷೆ ಉಳಿಸಿಕೊಂಡು ಬರುತ್ತದೆ, ನಿಜ. ನೆಲ ಬದಲಾದರೆ ಅದೂ ಹೆಚ್ಚು ದಿನ ತಾಳುವುದಿಲ್ಲ.

ಈ ಎಲ್ಲೆಗಳ ಹಂಬಲ ಎಷ್ಟು ಆಳದಿಂದ ಬಂದದ್ದು? ಇಲಿಗಳಿಂದಲೇ ಶುರುವಾಗುತ್ತದೆ. ಕೆನ್ ಚೆಂಗ್ ಎಂಬ ವಿಜ್ಞಾನಿ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಉದ್ದನೆಯ ಆಯತದ ಪೆಟ್ಟಿಗೆಯೊಂದರ ಮೂಲೆಯಲ್ಲಿ ಇಲಿಗೆ ತಿಂಡಿ ತೋರಿಸಿ, ಆಮೇಲೆ ಅದರ ದಿಕ್ಕು ತಪ್ಪಿಸಿ ಮತ್ತೆ ಒಳಗೆ ಬಿಟ್ಟರು. ಇಲಿ ಸರಿಯಾದ ಮೂಲೆಗೂ ಹೋಯಿತು, ಕರ್ಣದ ಎದುರಿನ ಮೂಲೆಗೂ ಅಷ್ಟೇ ಸಲ ಹೋಯಿತು. ಏಕೆಂದರೆ ಆಕಾರದ ಲೆಕ್ಕದಲ್ಲಿ ಎರಡೂ ಒಂದೇ: ಒಂದು ಬದಿಗೆ ಉದ್ದ ಗೋಡೆ, ಇನ್ನೊಂದು ಬದಿಗೆ ಗಿಡ್ಡ ಗೋಡೆ. ಗೋಡೆಯ ಬಣ್ಣ, ಮೂಲೆಯ ವಾಸನೆ ಯಾವುದನ್ನೂ ಅದು ಗಣಿಸಲಿಲ್ಲ. ಹರ್ಮರ್ ಮತ್ತು ಸ್ಪೆಲ್ಕೆ 1994ರಲ್ಲಿ ಎಳೆಯ ಮಕ್ಕಳ ಮುಂದೆ ಆಟಿಕೆ ಅಡಗಿಸಿ, ಅವರ ಕಣ್ಣುಮುಚ್ಚಿ ತಿರುಗಿಸಿ ನೋಡಿದರು. ಒಂದು ಗೋಡೆಗೆ ನೀಲಿ ಬಣ್ಣವಿದ್ದರೂ ಮಕ್ಕಳು ಅದನ್ನು ಬಳಸದೆ ಇಲಿಗಳ ಹಾಗೆಯೇ ಎರಡು ಮೂಲೆಗೂ ಹೋದರು. ದೊಡ್ಡವರು ಮಾತ್ರ ನೀಲಿ ಗೋಡೆಯ ನೆರವು ಪಡೆದರು.

ಮಿದುಳಿನೊಳಗೂ ಇಣುಕಿ ನೋಡಿದ್ದಾರೆ. 1971ರಲ್ಲಿ ಲಂಡನ್ನಿನ ಜಾನ್ ಓ’ಕೀಫ್ ಇಲಿಯ ಮಿದುಳಿನಲ್ಲಿ, ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಚುರುಕಾಗುವ ಕೋಶಗಳನ್ನು ಕಂಡರು. ಅವರೂ ನೀಲ್ ಬರ್ಗೆಸ್ ಅವರೂ 1996ರಲ್ಲಿ ಇಲಿ ಓಡಾಡುವ ಪೆಟ್ಟಿಗೆಯ ಗೋಡೆಗಳನ್ನು ದೂರ ಸರಿಸಿದಾಗ, ಮಿದುಳಿನಲ್ಲಿ ಆ ಜಾಗದ ಗುರುತೂ ಗೋಡೆಯ ಜೊತೆ ಹಿಗ್ಗಿತು. ಅಂದರೆ ‘ನಾನು ಇಲ್ಲಿದ್ದೇನೆ’ ಎಂಬ ಅರಿವೇ ಗೋಡೆಗಳಿಂದ ಅಳೆದು ಪಡೆದದ್ದು. 2005ರಲ್ಲಿ ನಾರ್ವೆಯ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ದಂಪತಿ, ನೆಲವನ್ನು ಜಾಲರಿಯಂತೆ ಅಳೆಯುವ ಕೋಶಗಳನ್ನು ವಿವರಿಸಿದರು. 2014ರ ನೊಬೆಲ್ ಪ್ರಶಸ್ತಿ ಓ’ಕೀಫ್ ಅವರಿಗೂ ಈ ದಂಪತಿಗೂ ಬಂತು. ಇವಕ್ಕಿಂತ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು 2008ರಲ್ಲಿ ಮೋಸರ್ ಅವರ ಪ್ರಯೋಗಾಲಯದಿಂದಲೇ ವರದಿಯಾದ ಇನ್ನೊಂದು ಬಗೆ. ಅಂಚಿನ ಹತ್ತಿರ ಬಂದಾಗ ಮಾತ್ರ ಎಚ್ಚರಗೊಳ್ಳುವ ಕೋಶಗಳು. ಎಲ್ಲೆಯನ್ನು ಗುರುತಿಸುವುದಕ್ಕೆಂದೇ ಮಿದುಳು ಪ್ರತ್ಯೇಕ ಆಳುಗಳನ್ನು ಇಟ್ಟುಕೊಂಡಿದೆ.

ಎಲ್ಲೆಯೇ ಕಾಣದಿದ್ದರೆ? ಮಲೆನಾಡಿನ ಹಿರಿಯರಲ್ಲಿ ಒಂದು ನಂಬಿಕೆ ಇದೆ. ಕಾಡಿನಲ್ಲಿ ಯಾವುದೋ ಬಳ್ಳಿಯನ್ನು ಅರಿಯದೆ ದಾಟಿದರೆ ದಾರಿ ತಪ್ಪುತ್ತದೆ, ಎಷ್ಟು ನಡೆದರೂ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೀರಿ. ಬಳ್ಳಿಯ ವಿಷಯ ನನಗೆ ನಂಬಿಕೆಯಿಲ್ಲ. ಸುತ್ತಿ ಅಲ್ಲಿಗೇ ಬರುವುದು ಮಾತ್ರ ಅಪ್ಪಟ ನಿಜ. 2009ರಲ್ಲಿ ಯಾನ್ ಸೌಮನ್ ಮತ್ತು ಸಂಗಡಿಗರು ಜರ್ಮನಿಯ ದಟ್ಟ ಕಾಡಿನಲ್ಲೂ ಟ್ಯುನೀಷಿಯಾದ ಸಹಾರಾ ಮರುಭೂಮಿಯಲ್ಲೂ ಜನರನ್ನು ‘ನೇರ ನಡೆಯುತ್ತಾ ಹೋಗಿ’ ಎಂದು ಬಿಟ್ಟು ಅವರ ಜಾಡನ್ನು ದಾಖಲಿಸಿದರು. ಸೂರ್ಯ ಕಾಣುತ್ತಿದ್ದಾಗ ಹೆಚ್ಚುಕಡಿಮೆ ನೇರವಾಗಿಯೇ ನಡೆದರು. ಮೋಡ ಮುಚ್ಚಿದ ದಿನ ಕಾಡಿನಲ್ಲಿ ನಡೆದವರು ತಮ್ಮದೇ ಜಾಡನ್ನು ತಾವೇ ಅಡ್ಡಹಾಯ್ದರು, ಹಾಯ್ದದ್ದು ಅವರಿಗೆ ತಿಳಿಯಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದರೆ ಇಪ್ಪತ್ತು ಮೀಟರ್ ಅಡ್ಡಳತೆಯಷ್ಟು ಸಣ್ಣ ಸುತ್ತನ್ನು ಹಾಕಿದವರೂ ಇದ್ದರು. ಆಗುಂಬೆಯ ಮಳೆಗಾಲದ ಮಂಜಿನಲ್ಲಿ ನಡೆದವರಿಗೆ ಈ ಫಲಿತಾಂಶ ಹೊಸದಲ್ಲ. ದಿಕ್ಕು ನಮ್ಮ ತಲೆಯೊಳಗೆ ಇಲ್ಲ. ಹೊರಗಿನ ಬೆಟ್ಟ, ಹೊಳೆ, ಸೂರ್ಯ ಎಂಬ ಗೂಟಗಳಿಗೆ ನಾವು ಅದನ್ನು ನೇತುಹಾಕಿರುತ್ತೇವೆ. ಗೂಟ ಮಾಯವಾದರೆ ದಿಕ್ಕೂ ಬಿತ್ತು.

ಇನ್ನು ದೂರದ ಮಾತು. ಕಾಸ್ಲಿನ್ ಮತ್ತು ಸಂಗಡಿಗರು 1974ರಲ್ಲಿ ಮಾಡಿದ ಒಂದು ಪ್ರಯೋಗವಿದೆ. ನೆಲದ ಮೇಲೆ ಕೆಲವು ವಸ್ತುಗಳು, ನಡುವೆ ತಡೆಗಳು. ಕೆಲವು ತಡೆಗಳ ಆಚೆ ಕಾಣುತ್ತದೆ, ಕೆಲವುಗಳ ಆಚೆ ಕಾಣದು. ಆಮೇಲೆ ನೆನಪಿನಿಂದ ದೂರ ಹೇಳಿ ಎಂದರೆ, ನಡುವೆ ತಡೆಯಿದ್ದ ವಸ್ತುಗಳನ್ನು ಮಕ್ಕಳು ಹೆಚ್ಚು ದೂರದವೆಂದು ಹೇಳಿದರು. ದೊಡ್ಡವರು ಆಚೆ ಕಾಣದ ತಡೆಗೆ ಮಾತ್ರ ಹಾಗೆ ಮೋಸ ಹೋದರು.

ಘಟ್ಟ ಆಚೆ ಕಾಣದ ತಡೆ. ಬುಡದಲ್ಲಿ ನಿಂತವನಿಗೆ ಮೇಲಿನ ಊರು ಎಷ್ಟೇ ಹತ್ತಿರವಿದ್ದರೂ ಬೇರೆ ಲೋಕ. ‘ಘಟ್ಟದವರು’ ಎಂಬ ಮಾತಿನಲ್ಲಿ ಕರಾವಳಿಯವರು ತೀರ್ಥಹಳ್ಳಿಯಿಂದ ಹಿಡಿದು ಚಿತ್ರದುರ್ಗದ ತನಕ ಎಲ್ಲರನ್ನೂ ಒಂದೇ ಮೂಟೆಗೆ ಕಟ್ಟುತ್ತಾರೆ. ಮೇಲಿನವರೂ ಕಡಿಮೆಯಿಲ್ಲ, ‘ಘಟ್ಟದ ಕೆಳಗಿನವರು’ ಎಂದರೆ ಕಾರವಾರದಿಂದ ಸುಳ್ಯದವರೆಗೆ ಎಲ್ಲ ಒಂದೇ. ಸಂಬಂಧ ಬೆಳೆಸುವ ಮಾತು ಬಂದಾಗ “ಘಟ್ಟದ ಮೇಲಾ? ಅಷ್ಟು ದೂರ ಹೆಣ್ಣು ಕೊಡುದಾ?” ಎನ್ನುವ ಮನೆಗಳು ಈಗಲೂ ಇವೆ. ಅದೇ ಮನೆಯವರು ಮಗಳನ್ನು ಮುಂಬಯಿಗೆ ಕೊಟ್ಟಿರುತ್ತಾರೆ. ಮುಂಬಯಿ ಅವರ ಲೆಕ್ಕದಲ್ಲಿ ಹತ್ತಿರ, ಏಕೆಂದರೆ ಅದು ಕಡಲ ದಾರಿಯ ಊರು, ನಡುವೆ ಏರಬೇಕಾದ್ದು ಏನೂ ಇಲ್ಲ.

ಹಾಗೆಂದು ಘಟ್ಟ ಎಂದೆಂದಿಗೂ ಗೋಡೆಯೇ ಆಗಿತ್ತು ಎಂದು ನಂಬುವುದು ತಪ್ಪು. ಕೆಳದಿಯ ನಾಯಕರು ಆಳಿದ್ದು ಘಟ್ಟದ ಎರಡೂ ಮಗ್ಗುಲನ್ನು. ರಾಜಧಾನಿ ಬಿದನೂರು ಮೇಲೆ. ಬಸರೂರು, ಹೊನ್ನಾವರದಂಥ ಬಂದರುಗಳು ಕೆಳಗೆ. ಹೊಸಂಗಡಿ ಘಾಟಿಯಂಥ ದಾರಿಗಳಲ್ಲಿ ಹೇರೆತ್ತುಗಳ ಸಾಲು ಉಪ್ಪು ಹೊತ್ತು ಏರುತ್ತಿತ್ತು. ಆ ರಾಜ್ಯದವನಿಗೆ ಘಟ್ಟ ಎಂದರೆ ನಾಡಿನ ನಡುಬೆನ್ನು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕರಾವಳಿ ಕಂಪೆನಿಯ ಆಡಳಿತಕ್ಕೆ ಹೋಯಿತು, ಮೇಲಿನ ಭಾಗ ಮೈಸೂರು ಸಂಸ್ಥಾನಕ್ಕೆ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು, ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಬೆಟ್ಟ ಮೊದಲೂ ಇತ್ತು. ಅದರ ಮೇಲೆ ಸುಂಕದ ಕಟ್ಟೆಯೂ ಕಚೇರಿಯ ಗಡಿಯೂ ಬಂದು ಕೂತ ಮೇಲೆ ಅದು ಮನಸ್ಸಿನಲ್ಲಿ ಇನ್ನಷ್ಟು ಎತ್ತರವಾಯಿತು. 1956ರಲ್ಲಿ ಗಡಿ ಅಳಿಸಿದರೂ ಆ ಎತ್ತರ ಪೂರ್ತಿ ಇಳಿದಿಲ್ಲ. ಪ್ರಕೃತಿ ಹಾಕಿದ ಗೆರೆಗೂ ಸರ್ಕಾರ ಹಾಕಿದ ಗೆರೆಗೂ ಒಮ್ಮೆ ಹೊಂದಿಕೆಯಾಯಿತೆಂದರೆ ಆ ಗೆರೆ ಮನಸ್ಸಿನಿಂದ ಅಳಿಯುವುದು ಬಹಳ ಕಷ್ಟ.

ಮಳೆಗಾಲದಲ್ಲಿ ಗುಡ್ಡ ಜರಿದು ಶಿರಾಡಿಯ ದಾರಿ ಮುಚ್ಚಿದಾಗ ಹಳೆಯ ದೂರ ಮತ್ತೆ ಎದ್ದುಬರುತ್ತದೆ. 2018ರ ಆಗಸ್ಟಿನಲ್ಲಿ ಶಿರಾಡಿ, ಸಂಪಾಜೆ, ರೈಲು ಎಲ್ಲವೂ ನಿಂತಾಗ ಬೆಂಗಳೂರು ಎಷ್ಟು ದೂರ ಎಂದು ಮಂಗಳೂರಿನವರನ್ನು ಕೇಳಬೇಕಿತ್ತು. ಇನ್ನು ಆ ರೈಲೋ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವಾಗ 57 ಸುರಂಗ ಹೊಕ್ಕು ಹೊರಡುತ್ತದೆ. ಒಳಗೆ ಕೂತವನಿಗೆ ನಾಲ್ಕನೆಯ ಸುರಂಗದ ಹೊತ್ತಿಗೆ ದಿಕ್ಕು ಗಾಳಿಗೆ ಹೋಗಿರುತ್ತದೆ.

ನದಿಯ ಬಗೆ ಬೇರೆ. ಅದು ಆಚೆ ಕಾಣುವ ತಡೆ. ಅಘನಾಶಿನಿ ಕಡಲು ಸೇರುವಲ್ಲಿ ಒಂದು ದಡದಲ್ಲಿ ತದಡಿ, ಇನ್ನೊಂದು ದಡದಲ್ಲಿ ಅಘನಾಶಿನಿ ಊರು. ತಾರಿ ದೋಣಿಯಲ್ಲಿ ಕೆಲವೇ ನಿಮಿಷ. ರಸ್ತೆಯಲ್ಲಿ ಹೋದರೆ ಕುಮಟೆ ಸುತ್ತಿ ಹತ್ತಾರು ಕಿಲೋಮೀಟರ್. ದೋಣಿಯಲ್ಲಿ ಹೋಗುವವನಿಗೂ ಕಾರಿನಲ್ಲಿ ಹೋಗುವವನಿಗೂ ಆ ಎರಡು ಊರುಗಳ ನಡುವಿನ ದೂರ ಒಂದೇ ಅಲ್ಲ. ಸೇತುವೆ ಬಂದ ಕಡೆ ಕಡವು ನಿಂತಿತು, ಅಂಬಿಗರ ಕೆಲಸ ಹೋಯಿತು, ನದಿ ಜನರ ಲೆಕ್ಕದಿಂದಲೇ ಕಳಚಿತು. ಸೇತುವೆ ದಾಟುವ ಬಸ್ಸಿನವರಲ್ಲಿ ಈಗ ದಾಟಿದ್ದು ಯಾವ ಹೊಳೆ ಎಂದು ಕೇಳಿ ನೋಡಿ. ನದಿಯ ಬಗ್ಗೆ ಇನ್ನೊಂದು ವಿಚಿತ್ರ: ಎಷ್ಟೇ ಡೊಂಕಾಗಿದ್ದರೂ ಮನಸ್ಸು ಅದನ್ನು ನೆಟ್ಟಗೆ ಮಾಡಿಕೊಳ್ಳುತ್ತದೆ. ಸ್ಟ್ಯಾನ್ಲಿ ಮಿಲ್‌ಗ್ರಾಮ್ ಮತ್ತು ಡೆನೀಸ್ ಜೋಡಲೆ 1976ರಲ್ಲಿ ಪ್ಯಾರಿಸ್ಸಿನವರಿಂದ ಅವರ ಊರಿನ ನಕಾಶೆ ಬರೆಸಿದಾಗ ಬಹುಪಾಲು ಜನ ಸೇನ್ ನದಿಯ ಬಾಗನ್ನು ಕಡಿಮೆ ಮಾಡಿ ಬರೆದರು. ನಮ್ಮ ಕರಾವಳಿಯ ಓರೆಯನ್ನು ನಾವು ನೇರ ಮಾಡಿಕೊಂಡಂತೆಯೇ.

ಬೆಂಗಳೂರಿನ ಪಾಡು ಹೇಳದೆ ಮುಗಿಸಲಾರೆ. ಹೊಳೆಯಿಲ್ಲ, ಕಡಲಿಲ್ಲ, ಎದ್ದು ಕಾಣುವ ಬೆಟ್ಟವಿಲ್ಲ, ಅದಕ್ಕೇ ಅಲ್ಲಿ ದಿಕ್ಕು ಸಿಗುವುದಿಲ್ಲ ಎನ್ನುತ್ತಾರೆ. ಅರ್ಧ ಮಾತ್ರ ನಿಜ. ಬೆಂಗಳೂರು ಕೂತಿರುವುದು ಒಂದು ದಿಣ್ಣೆಯ ಮೇಲೆ. ಒಂದು ಮಗ್ಗುಲಿನ ಮಳೆನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ. ಇನ್ನೊಂದು ಮಗ್ಗುಲಿನದು ಹೆಬ್ಬಾಳ, ಕೋರಮಂಗಲದ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೆ. ಕಣಿವೆಗಳ ಉದ್ದಕ್ಕೂ ಕೆರೆಗಳ ಸಾಲಿತ್ತು. ಏರಿ ಯಾವ ಕಡೆ, ಕೋಡಿ ಯಾವ ಕಡೆ ಎಂದು ತಿಳಿದರೆ ಊರಿನ ಇಳಿಜಾರು ತಿಳಿಯುತ್ತಿತ್ತು. ಆ ಅಂಚುಗಳನ್ನು ನಾವೇ ಕೈಯಾರೆ ಅಳಿಸಿದೆವು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕೋರಮಂಗಲದ ಕೆರೆಯ ಜಾಗದಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮದ ಕಟ್ಟಡಗಳು ಎದ್ದವು. ನೀರು ಮಾತ್ರ ಹಳೆಯ ದಾರಿಯನ್ನು ಮರೆತಿಲ್ಲ. ಜೋರು ಮಳೆ ಬಂದ ರಾತ್ರಿ ಅದು ಎಲ್ಲಿ ನಿಲ್ಲುತ್ತದೆ ಎಂದು ನೋಡಿದರೆ ಕಣಿವೆ ಎಲ್ಲಿತ್ತು ಎಂದು ತಿಳಿಯುತ್ತದೆ.

ಈಗ ಕೈಯಲ್ಲಿ ಫೋನಿದೆ, ದಾರಿ ತಪ್ಪುವುದಿಲ್ಲ. ನಾನೂ ಬಳಸುತ್ತೇನೆ. ಆದರೆ ಅದರ ನಕಾಶೆ ನಾವು ತಿರುಗಿದ ಹಾಗೆಲ್ಲ ತಿರುಗುತ್ತದೆ, ಲೋಕವೇ ನಮ್ಮ ಸುತ್ತ ಸುತ್ತುತ್ತಿದೆ ಎನ್ನುವಂತೆ. ಊರು ಸೇರುತ್ತೇವೆ, ಬಂದ ದಾರಿಯಲ್ಲಿ ಬೆಟ್ಟ ಯಾವ ಮಗ್ಗುಲಿಗಿತ್ತು ಎಂದು ಕೇಳಿದರೆ ಬಾಯಿ ಬಿಡುತ್ತೇವೆ.

ಕೊನೆಗೆ ಒಂದು ಕೋರಿಕೆ, ಭೂಗೋಳ ಹೇಳಿಕೊಡುವ ಮೇಷ್ಟ್ರುಗಳಿಗೂ ಟೀಚರುಗಳಿಗೂ. ಶಾಲೆಯಲ್ಲಿ ನಕಾಶೆಯನ್ನು ಗೋಡೆಗೆ ನೇತುಹಾಕುತ್ತೀರಿ. ಮಗುವನ್ನು ‘ಉತ್ತರ ಎಲ್ಲಿ?’ ಎಂದು ಕೇಳಿದರೆ ಅದು ಸೂರಿನ ಕಡೆ ಬೆರಳು ತೋರಿಸುತ್ತದೆ. ತಪ್ಪು ಮಗುವಿನದಲ್ಲ. ವರ್ಷದಲ್ಲಿ ಒಂದು ದಿನವಾದರೂ ಆ ನಕಾಶೆಯನ್ನು ಇಳಿಸಿ, ಶಾಲೆಯ ಅಂಗಳದಲ್ಲಿ ನೆಲದ ಮೇಲೆ ಹಾಸಿ, ಅದರ ಉತ್ತರವನ್ನು ನಿಜವಾದ ಉತ್ತರಕ್ಕೆ ಹೊಂದಿಸಿ ಇಡಿ. ಮಕ್ಕಳನ್ನು ಸುತ್ತ ಕೂರಿಸಿ, ನಿಮ್ಮ ಊರಿನ ಹಳ್ಳ ಯಾವ ಹೊಳೆ ಸೇರುತ್ತದೆ, ಆ ಹೊಳೆ ಯಾವ ಕಡಲು ಸೇರುತ್ತದೆ ಎಂದು ಬೆರಳಿನಿಂದ ಎಳೆಯಿಸಿ. ಆಮೇಲೆ ತಲೆಯೆತ್ತಿ ಆ ಕಡೆಗೇ ಕೈತೋರಿಸಲು ಹೇಳಿ. ಅದಕ್ಕೆ ಬೇಕಾಗುವುದು ಒಂದು ಪೀರಿಯಡ್ಡು ಮಾತ್ರ. ಸರ್ಕಾರದ ಸುತ್ತೋಲೆಗೆ ಕಾಯಬೇಡಿ.